ಮೇಲಿನ ಹಲಗೆಯ ಕಾಗದ

ನೊವಾ ಲೂಕಾ, ಟೆಕ್ಸಾಸ್
ಭಾನುವಾರ ಮಧ್ಯಾಹ್ನ, ಅಕ್ಟೋಬರ್ ೧೩, ೧೯೯೬

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೈ ನಡುಗುವುದು ಕಡಿಮೆಯಾಯಿತೇ? ಹೋದ ಸೋಮವಾರದ ನಿನ್ನ ಚೀಟಿಯಲ್ಲಿ ಅಕ್ಷರಗಳು ಗೆರೆಯ ಮೇಲೆ ನೆಟ್ಟಗೆ ಕೂತಿದ್ದವು. ಅದರ ಹಿಂದಿನದರಲ್ಲಿ ಗೆರೆ ಬಿಟ್ಟು ಗೆರೆಗೆ ಹಾರಿದ್ದವು. ಚೀಟಿಯಲ್ಲಿದ್ದ ವಿಷಯಕ್ಕೆ ಸಿಟ್ಟು ಬಂದರೂ ಅಕ್ಷರ ನೋಡಿ ಸಂತೋಷವಾಯಿತು. ರಾತ್ರಿ ನಿದ್ದೆ ಬರುತ್ತದೆಯೇ? ಪಕ್ಕದ ಮಂಚದ ಗೊರಕೆಯವನು ಇನ್ನೂ ಇದ್ದಾನೆಯೇ, ಅಥವಾ ಅರವತ್ತು ದಿನ ಮುಗಿಸಿ ಹೆಂಡತಿಯ ಪಾಲಾದನೇ? ನಿನಗೆ ಆಡುಗಳಿಗೆ ಹುಲ್ಲು ಹಾಕುವ ಕೆಲಸ ಕೊಟ್ಟಿದ್ದಾರೆಂದು ಕೇಳಿ ವ್ಲಾಸ್ತಾ ಅತ್ತೆ, "ದೇವರೇ, ಇನ್ನು ಆ ಆಡುಗಳು ಚೆಕ್ ಭಾಷೇಲಿ ಬೈಯೋಕೆ ಶುರು ಮಾಡ್ತವೆ," ಅಂದಳು. ತಮ್ಮನ ಮೇಲಿನ ಪ್ರೀತಿಯನ್ನು ಅವಳು ತೋರಿಸುವುದೇ ಹಾಗೆ, ನಿನಗೆ ಗೊತ್ತಲ್ಲ.

ನೀನು ಪೇಪರನ್ನೂ ಹಿಂದಿನ ಪುಟದಿಂದ ಓದುವವನು. ಈ ಪತ್ರದ ಕೊನೆಯ ಹಾಳೆಯನ್ನು ಮೊದಲು ತಿರುಗಿಸಬೇಡ. ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ: ನಿನ್ನೆ ಸಂಜೆ ನಿನ್ನ ಮೊಮ್ಮಗಳು ಲೀಡಾಗೆ ಜ್ಞಾನಸ್ನಾನವಾಯಿತು, ಯಾರೂ ಹಸಿದುಕೊಂಡು ಮನೆಗೆ ಹೋಗಲಿಲ್ಲ, ನಿನ್ನ ಒಲೆ ಇದ್ದ ಜಾಗದಲ್ಲೇ ಇದೆ. ಮಿಕ್ಕದ್ದನ್ನು ಸಾಲಾಗಿ ಓದು. ಲೀಡಾ ಈಗ ಮಲಗಿದ್ದಾಳೆ, ನಿನ್ನ ಅಳಿಯ ಡ್ವೇನ್ ಚರ್ಚಿನ ಹಾಲಿಗೆ ಕುರ್ಚಿಗಳನ್ನು ವಾಪಸು ಜೋಡಿಸಲು ಹೋಗಿದ್ದಾನೆ. ನನಗೆ ಒಂದು ಗಂಟೆಯಾದರೂ ಸಿಗುತ್ತದೆ. ನಾನೂ ಮಲಗಬೇಕಿತ್ತು, ಆದರೆ ಇದನ್ನು ಬರೆಯದೆ ಕಣ್ಣು ಮುಚ್ಚುವುದಿಲ್ಲ.

ಮೊದಲು ನಿನ್ನ ಆ ಚೀಟಿ. "ಶನಿವಾರ ಬರ್ತೀನಿ. ಮೊಮ್ಮಗಳ ಊಟಕ್ಕೆ ಮಾಂಸ ಬೇಯ್ಸೋರು ಬೇರೆ ಯಾರಿದಾರೆ. ಎಮಿಲನ ಕೈಗೆ ಕೊಟ್ರೆ ಬೂಟಿನ ಅಟ್ಟೆ ಆಗುತ್ತೆ." ಮೂರೇ ಸಾಲು. ಅದನ್ನು ನಾನು ಅಡುಗೆಮನೆಯಲ್ಲಿ ನಿಂತು ಹತ್ತು ಸಲ ಓದಿರಬೇಕು. ಕುಡಿತ ಬಿಡಿಸುವ ಆ ಜಾಗದಲ್ಲಿ ನಿನ್ನನ್ನು ಬಿಟ್ಟು ಬರುವ ದಿನ ಆಫೀಸಿನ ಹೆಂಗಸು ನಮ್ಮಿಬ್ಬರ ಮುಂದೆಯೇ ಹೇಳಿದ್ದಳು: ಅರವತ್ತು ದಿನ ಮುಗಿಯುವ ಮೊದಲು ಗೇಟು ದಾಟಿದವರ ಮಂಚ ಮುಂದಿನವರಿಗೆ ಹೋಗುತ್ತದೆ, ಮತ್ತೆ ಬೇಕೆಂದರೆ ವಸಂತದವರೆಗೆ ಕಾಯಬೇಕು. ಶನಿವಾರಕ್ಕೆ ನಿನಗೆ ಮೂವತ್ತೊಂದನೆಯ ದಿನ. ಅರ್ಧ ದಾರಿ ದಾಟಿದವನು ಹಸುವಿನ ಎದೆಯ ಒಂದು ತುಂಡು ಮಾಂಸಕ್ಕಾಗಿ ವಾಪಸು ಬರುತ್ತೀನಿ ಅನ್ನುತ್ತಾನೆ! ಬಂದವನು ಬೆಳಗಿನಿಂದ ಒಲೆಯ ಪಕ್ಕ ಕೂರುತ್ತಾನೆ, ಸುತ್ತ ಎಮಿಲ್ ಚಿಕ್ಕಪ್ಪ ಮತ್ತು ಅವನ ಸ್ನೇಹಿತರು ಕೈಯಲ್ಲಿ ತಣ್ಣನೆಯ ಬಿಯರ್ ಹಿಡಿದು ನಿಲ್ಲುತ್ತಾರೆ, ಒಂದಾದರೆ ಏನಾಯ್ತು ಅನ್ನುತ್ತಾರೆ. ಆಮೇಲಿನದನ್ನು ನಾನು ಯೋಚಿಸಬೇಕಾಗಿರಲಿಲ್ಲ, ನೋಡಿದ್ದೆ. ಆಗಸ್ಟಿನಲ್ಲಿ ನಿನ್ನ ಟ್ರಕ್ಕು ಲೀಡಾಳ ಹೊಸ ತೊಟ್ಟಿಲನ್ನು ಬೆನ್ನ ಮೇಲೆ ಹೊತ್ತುಕೊಂಡು ದನದ ಗೇಟಿನ ಪಕ್ಕದ ಚರಂಡಿಯಲ್ಲಿ ಮಗ್ಗುಲಾಗಿ ಮಲಗಿತ್ತಲ್ಲ. ತೊಟ್ಟಿಲು ಖಾಲಿಯಿತ್ತು, ಅಂಗಡಿಯಿಂದ ಬರುತ್ತಿತ್ತು, ನಿನಗೂ ಹಣೆಯ ಮೇಲೆ ಒಂದು ಗೀರಷ್ಟೇ. ಆದರೂ ಅವತ್ತಿನಿಂದ ಕಣ್ಣು ಮುಚ್ಚಿದರೆ ನನಗೆ ಆ ತೊಟ್ಟಿಲು ಕಾಣುತ್ತದೆ. ಪೂರ್ತಿ ಮುಗಿಸಿ ಬರುವವರೆಗೆ ಮಗುವನ್ನು ನಿನ್ನ ಕೈಗೆ ಕೊಡುವುದಿಲ್ಲ ಅಂತ ನಾನು ಹೇಳಿದ್ದು ಅದಕ್ಕೇ. ಹೇಳಿದ ಮೇಲೆ ನಿನ್ನ ಮುಖ ನೋಡಿದೆ ನೋಡು, ಆ ಮುಖವೂ ತೊಟ್ಟಿಲ ಜೊತೆ ಕಾಣುತ್ತದೆ.

ಅದಕ್ಕೇ ಮಂಗಳವಾರ ಆಫೀಸಿಗೆ ಫೋನ್ ಮಾಡಿ, "ಬರಬೇಡ, ಮಾಂಸ ನಾನೇ ಬೇಯಿಸ್ತೀನಿ ಅಂತ ಅಪ್ಪನಿಗೆ ಹೇಳಿ," ಅಂದೆ. ಆ ಹೆಂಗಸು ನಿನ್ನನ್ನು ಹುಡುಕಿ ಹೇಳಿ, ವಾಪಸು ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು ನಿನ್ನ ಉತ್ತರ ಓದಿದಳು: "ನೀನಾ?" ಅಷ್ಟೇ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು: "ಶನಿವಾರ ಎರಡಕ್ಕೆ ನನ್ನ ಫೋನಿನ ಸರದಿ. ಆಗ ಹೇಳು ಹೇಗಿದೆ ಅಂತ. ಕೆಟ್ಟಿದ್ರೆ ಹೊರಟೆ." ಎರಡಕ್ಕೆ ಹೊರಟರೆ ಸಂಜೆ ಆರೂವರೆಯ ಜ್ಞಾನಸ್ನಾನಕ್ಕೆ ಸರಿಯಾಗಿ ಬಂದು ಮುಟ್ಟಬಹುದು ಅಂತ ನೀನು ಲೆಕ್ಕ ಹಾಕಿದ್ದೆ, ಅಲ್ಲವೇ?

ಮಾಂಸದ ಅಂಗಡಿಯಲ್ಲಿ ಹದಿನಾಲ್ಕು ಪೌಂಡಿನ ಬ್ರಿಸ್ಕೆಟ್, ಅದೇ ಎದೆಯ ತುಂಡು, ತಗೊಂಡೆ. ಲೀಡಾಗಿಂತ ಒಂದು ಪೌಂಡ್ ಜಾಸ್ತಿ. ಒಂದು ಸೊಂಟದ ಮೇಲೆ ಅವಳು, ಇನ್ನೊಂದು ಸೊಂಟದ ಮೇಲೆ ಅದು. ಅಂಗಡಿಯವನು ಬಾಗಿಲು ತೆಗೆದು ಹಿಡಿದು, "ಅವಳಿ ಜವಳಿನಾ?" ಅಂದ. ನಗಲಿಲ್ಲ ನಾನು. ಎಮಿಲ್ ಚಿಕ್ಕಪ್ಪ ಆಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದ, ಕಾಲೇಜು ಓದಿದ ಹುಡುಗಿ ಥರ್ಮಾಮೀಟರ್ ಹಿಡ್ಕೊಂಡು ನಮ್ಮಣ್ಣ ಮಿಲ್ಟನ್ನನ ಒಲೆ ಮುಂದೆ ನಿಲ್ತಾಳಂತೆ, ಎಲ್ಲರೂ ಮನೆಯಲ್ಲೇ ಒಂದಿಷ್ಟು ತಿಂದ್ಕೊಂಡು ಬನ್ನಿ ಅಂತ. ಥರ್ಮಾಮೀಟರ್ ಕೊಂಡಿದ್ದು ನಿಜ. ನೀನು ಚಿಮಣಿಗೆ ಕೈ ಇಟ್ಟು ಬಿಸಿ ಹೇಳುತ್ತೀಯ, ನನಗೆ ಅಂಥ ಕೈ ಇಲ್ಲ.

ಶನಿವಾರ ಬೆಳಗಿನ ಜಾವ ಮೂರೂವರೆಗೆ ಲೀಡಾ ಎದ್ದಳು. ಹಾಲು ಕುಡಿಸಿ, ಡ್ವೇನ್‌ನ ಎದೆಯ ಮೇಲೆ ಮಲಗಿಸಿ, ನಾನು ಅಂಗಳಕ್ಕೆ ಬಂದೆ. ನೀನು ಎಣ್ಣೆ ಬಾವಿಯ ದಪ್ಪ ಪೈಪು ಕತ್ತರಿಸಿ ಬೆಸುಗೆ ಹಾಕಿ ಮಾಡಿದ ಆ ಹೊಗೆ ಒಲೆಯನ್ನು ಮೊದಲ ಸಲ ಒಬ್ಬಳೇ ನೋಡಿದೆ. ಕತ್ತಲಲ್ಲಿ ಮಲಗಿದ ಎಮ್ಮೆಯ ಹಾಗಿತ್ತು. ಕೊಬ್ಬನ್ನು ನೀನು ಬಿಡುವಷ್ಟೇ ಬಿಟ್ಟು ತೆಗೆದೆ, ಬೆರಳಿನ ಅರ್ಧ ಗೆಣ್ಣಿನಷ್ಟು. ಆಮೇಲೆ ನೀನು ಮಾಡುವ ಹಾಗೆಯೇ ತೆಳು ತುದಿಯ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ ಪೆಪಿಕ್‌ಗೆ ಹಾಕಿದೆ. ಅದು ನಾಯಿಯ ಪಾಲು ಅಂತ ಚಿಕ್ಕಂದಿನಿಂದ ನಂಬಿದ್ದೆ. ಪೆಪಿಕ್ ಕೂಡ ಹಾಗೇ ನಂಬಿದೆ, ಬಾಲ ಆಡಿಸಿಕೊಂಡು ಕಾಯುತ್ತಿತ್ತು. ಉಪ್ಪು, ಮೆಣಸು, ಇನ್ನೇನೂ ಇಲ್ಲ. ಓಕ್ ಸೌದೆ ಹೊತ್ತಿಸಿದಾಗ ಮೊದಲು ಬಿಳಿಯ ದಪ್ಪ ಹೊಗೆ ಬಂತು, ಅದು ಹೋಗಿ ಕಂಡೂ ಕಾಣದ ನೀಲಿ ಹೊಗೆ ಬರುವವರೆಗೆ ಕಾದೆ. ಮಾಂಸವನ್ನು ಒಳಗಿಡುವಾಗ ಪ್ರತಿ ಸಲ ನೀನು ಏನು ಹೇಳುತ್ತೀಯೋ ಅದನ್ನೂ ಹೇಳಿದೆ, "ಬಾ ಹುಡುಗಿ, ಒಳಗೆ ಬಾ," ಅಂತ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯಾಗಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಗಂಡಸರು ಬರತೊಡಗಿದರು. ಯಾಕೆ ಬಂದಿರಿ ಅಂದರೆ, ಸುಮ್ಮನೆ ಈ ಕಡೆ ಬಂದಿದ್ವಿ ಅನ್ನುತ್ತಾರೆ. ಒಬ್ಬೊಬ್ಬರೂ ಬಂದು ಒಲೆಯ ಸುತ್ತ ಒಂದು ಸುತ್ತು ಹಾಕಿ, ಬೆಂಕಿ ಸಾಲದು ಅಂತ ಒಬ್ಬ, ಜಾಸ್ತಿಯಾಯ್ತು ಅಂತ ಇನ್ನೊಬ್ಬ, ಆಮೇಲೆ ಮುಚ್ಚಳಕ್ಕೆ ಕೈ. ಪ್ರತಿ ಸಲ ಮುಚ್ಚಳ ಎತ್ತಿದಾಗ ಬಿಸಿಯೆಲ್ಲ ಹಾರಿಹೋಗುತ್ತಿತ್ತು. ನನಗೆ ಗದರಲು ಬಾಯಿ ಬರಲಿಲ್ಲ. ಆಗ ವ್ಲಾಸ್ತಾ ಅತ್ತೆ ಚರ್ಚಿಗೆ ಹಾಕಿಕೊಳ್ಳುವ ಟೋಪಿಯನ್ನು ಹಾಕಿಕೊಂಡೇ ಬಂದು, ಒಲೆಯ ಪಕ್ಕ ಕುರ್ಚಿ ಎಳೆದು ಕೂತಳು, ಕೈಯಲ್ಲಿ ನೊಣ ಹೊಡೆಯುವ ಬಡಿಗೆ. "ಎಮಿಲಾ, ಮುಚ್ಚಳ ಮುಟ್ಟಿದ್ಯೋ ನೋಡು. ನಿನ್ನ ಕೈ ನೀನು ಹುಟ್ಟಿದಾಗಿಂದ ನೋಡಿದೀನಿ, ಎಲ್ಲಿ ಹೊಡೆದ್ರೆ ಎಷ್ಟು ಉರಿಯುತ್ತೆ ಗೊತ್ತು." ಚಿಕ್ಕಪ್ಪ ನಕ್ಕು ಮುಟ್ಟಿದ. ಹೊಡೆದೇ ಬಿಟ್ಟಳು. ಐವತ್ತೆಂಟು ವರ್ಷದ ಗಂಡಸು, "ಅಯ್ಯೋ ಅಕ್ಕಾ!" ಅಂತ ಕೈ ಕೊಡವಿಕೊಂಡು ತನ್ನ ಟ್ರಕ್ಕಿನ ಹಿಂದೆ ಹೋಗಿ ನಿಂತ. ಆಮೇಲೆ ಯಾರೂ ಒಲೆಯ ಹತ್ತಿರ ಸುಳಿಯಲಿಲ್ಲ.

ಹನ್ನೊಂದರವರೆಗೆ ಎಲ್ಲ ಚೆನ್ನಾಗಿತ್ತು. ಲೀಡಾ ಯಾವ ಹೊತ್ತಿಗೆ ಎಷ್ಟು ಹಾಲು ಕುಡಿದಳು ಅಂತ ಬರೆಯುವ ನೋಟುಬುಕ್ಕಿನಲ್ಲೇ ಮಾಂಸದ ಬಿಸಿಯನ್ನೂ ಬರೆಯುತ್ತಿದ್ದೆ. ಒಂಬತ್ತಕ್ಕೆ ನೂರ ನಲವತ್ತು ಡಿಗ್ರಿ, ಹತ್ತಕ್ಕೆ ನೂರ ಐವತ್ತಮೂರು, ಹನ್ನೊಂದಕ್ಕೆ ನೂರ ಅರವತ್ತೆರಡು. ಹನ್ನೆರಡಕ್ಕೆ ನೂರ ಅರವತ್ತೆರಡು. ಒಂದಕ್ಕೂ ನೂರ ಅರವತ್ತೆರಡು, ಇನ್ನೂರು ಮುಟ್ಟಬೇಕಾದದ್ದು. ಥರ್ಮಾಮೀಟರ್ ಕೆಟ್ಟಿದೆ ಅಂತ ಕುದಿಯುವ ನೀರಿಗೆ ಅದ್ದಿ ನೋಡಿದೆ, ಇನ್ನೂರ ಹನ್ನೆರಡು, ಸರಿಯಾಗಿತ್ತು. ಸೌದೆ ಹಾಕಿದೆ, ಗಾಳಿಯ ಬಾಗಿಲು ತೆರೆದೆ, ಮುಚ್ಚಿದೆ. ಒಂದು ಡಿಗ್ರಿ ಕೆಳಗೆ ಬೇರೆ ಹೋಯಿತು! ಅದೇ ಹೊತ್ತಿಗೆ ಲೀಡಾ ಕೂಡ ಹಟ ಹಿಡಿದಿದ್ದಳು. ಹಾಲು ಬೇಡ, ತೋಳು ಬೇಡ, ತೊಟ್ಟಿಲು ಬೇಡ. ಮಲಗಿದಳು ಅಂತ ಬಾಗಿಲು ಮುಚ್ಚಿದರೆ ಮತ್ತೆ ಏಳುತ್ತಾಳೆ, ಏಳಲಿಲ್ಲ ಅಂದರೆ ಯಾಕೆ ಏಳಲಿಲ್ಲ ಅಂತ ನಾನೇ ಬಾಗಿಲು ತೆಗೆದು ಎಬ್ಬಿಸುತ್ತೇನೆ. ಆ ಪುಟವನ್ನು ಈಗ ನೋಡಿದರೆ ಲೀಡಾಳ ಸಾಲಿನಲ್ಲಿ "೧೬೨" ಅಂತಿದೆ, ಮಾಂಸದ ಸಾಲಿನಲ್ಲಿ "ಎಡಗಡೆ, ಏಳು ನಿಮಿಷ" ಅಂತಿದೆ. ನನ್ನ ಸ್ಥಿತಿ ಹಾಗಿತ್ತು.

ಎರಡು ಗಂಟೆ ಹತ್ತಿರವಾಗುತ್ತಿದ್ದಂತೆ ನಿನಗೆ ಹೇಳಬೇಕಾದ ಸುಳ್ಳನ್ನು ತಯಾರು ಮಾಡಿಕೊಂಡೆ, ಅಪ್ಪಾ. ಚೆನ್ನಾಗಿ ಬೇಯ್ತಿದೆ, ಏನೂ ಯೋಚನೆ ಮಾಡಬೇಡ ಅನ್ನುವ ಸುಳ್ಳು. ಲೀಡಾಳನ್ನು ಅಂಗಳದಲ್ಲಿ ಅತ್ತೆಯ ಮಡಿಲಿಗೆ ಹಾಕಿ ಫೋನಿನ ಮುಂದೆ ನಿಂತು ನಾಲ್ಕು ಸಲ ಹೇಳಿ ನೋಡಿಕೊಂಡೆ. ನನ್ನ ಸುಳ್ಳು ನಿನಗೆ ಯಾವತ್ತು ತಿಳಿಯದೆ ಹೋಗಿದೆ? ಫೋನು ಬಂತು. ನೀನು ನಮಸ್ಕಾರ ಇಲ್ಲ, ಏನಿಲ್ಲ, ನೇರವಾಗಿ, "ಹೇಗಿದಾಳೆ ನಮ್ಮ ಹುಡುಗಿ? ಮುನಿಸ್ಕೊಂಡ್ಳಾ?" ಅಂದೆ.

ನನಗೆ ಅಳು ಬಂದುಬಿಟ್ಟಿತು. ಇಷ್ಟು ದೂರದಲ್ಲಿ ಕೂತು ಮೊಮ್ಮಗಳ ಮನಸ್ಸು ತಿಳಿದುಕೊಂಡನಲ್ಲ ಅಂತ. ಮಾಂಸದ ಬಗ್ಗೆ ಕೇಳಲಿಲ್ಲವಲ್ಲ ಅಂತ ಸಮಾಧಾನ ಬೇರೆ. "ಹೂಂ ಅಪ್ಪಾ, ಹನ್ನೊಂದರಿಂದ ಮುನಿಸ್ಕೊಂಡಿದಾಳೆ. ಏನ್ ಮಾಡಿದ್ರೂ ಒಪ್ತಾನೇ ಇಲ್ಲ," ಅಂದೆ. "ಬೆವರ್ತಿದಾಳಾ?" ಅಂದೆ ನೀನು. "ಮೈಯೆಲ್ಲ ಒದ್ದೆ." "ಬಣ್ಣ?" "ಕೆಂಪಗಿದ್ದೋಳು ಕಪ್ಪಗಾಗ್ತಿದಾಳೆ ಅಪ್ಪಾ, ನಂಗೆ ಭಯ ಆಗ್ತಿದೆ." ನೀನು ನಕ್ಕೆ. ಅಮ್ಮ ಹೋದ ಮೇಲೆ ನಾಲ್ಕು ವರ್ಷದಲ್ಲಿ ನಿನ್ನಿಂದ ಅಂಥ ನಗು ಕೇಳಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಮೈ ಉರಿಯಿತು. ಇಲ್ಲಿ ಮಗು ಕಪ್ಪಗಾಗುತ್ತಿದ್ದರೆ ನಗುತ್ತಾನಲ್ಲ! ನೀನು ಹೇಳುತ್ತಲೇ ಹೋದೆ: "ಹಾಗಾದ್ರೆ ಎಲ್ಲಾ ಸರಿಯಾಗಿದೆ ಕಣೇ. ಎಲ್ಲ ಹೆಣ್ಣುಮಕ್ಕಳೂ ಹಾಗೇ. ಕೆಣಕ್ಬೇಡ. ಬಾಗಿಲು ತೆಗ್ದು ತೆಗ್ದು ನೋಡ್ಬೇಡ. ಬೆಚ್ಚಗೆ ಸುತ್ತಿ ಬಿಟ್ಬಿಡು, ತಾನಾಗೇ ದಾರಿಗೆ ಬರ್ತಾಳೆ. ಸುತ್ತೋದು ಮೇಲಿನ ಹಲಗೆ ಮೇಲಿದೆ. ಹಿಂದಕ್ಕೆ ಕೈ ಹಾಕು, ಪೂರ್ತಿ ಹಿಂದಕ್ಕೆ." ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆ. "ಪೂರ್ತಿ, ತಿಳೀತಾ ಲಿಬ್ಬೀ?" ಅಂದೆ. "ನಾನು ಇಲ್ಲೇ ಇರ್ತೀನಿ ಹಾಗಾದ್ರೆ." ಫೋನು ಇಟ್ಟೇ ಬಿಟ್ಟೆ ನೀನು.

ನೀನು ಇರುತ್ತೀನಿ ಅಂದದ್ದು ಕೇಳಿ ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಎದ್ದು ನಿನ್ನ ಕೋಣೆಗೆ ಹೋದೆ. ಅಮ್ಮನ ಕಪಾಟಿನ ಮೇಲಿನ ಹಲಗೆ, ಹಿಂದಕ್ಕೆ ಕೈ ಹಾಕಿದರೆ ಅವಳ ಉಣ್ಣೆಯ ಶಾಲು, ಅವಳೇ ಹೆಣೆದದ್ದು. ಅಪ್ಪ ಎಲ್ಲ ನೆನಪಿಟ್ಟುಕೊಂಡಿದ್ದಾನೆ ಅಂದುಕೊಂಡೆ. ಲೀಡಾಳನ್ನು ಅದರಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ಮುಚ್ಚಿ, ಹಿಡಿಯ ಮೇಲಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಐದು ನಿಮಿಷ ಅತ್ತಳು. ಏಳು ನಿಮಿಷ. ಹತ್ತಕ್ಕೆ ನಿಶ್ಶಬ್ದ. ತೆಗೆದು ನೋಡಲಿಲ್ಲ. ಅವಳು ಹುಟ್ಟಿದಾಗಿನಿಂದ ಮೊದಲ ಸಲ ನಾನು ತೆಗೆದು ನೋಡಲಿಲ್ಲ, ಅಪ್ಪಾ.

ಅಲ್ಲಿ ನಿಂತಿದ್ದಾಗಲೇ ಕಿಟಕಿಯಿಂದ ಒಲೆ ಕಾಣುತ್ತಿತ್ತು. ಬೆವರುತ್ತಿದ್ದಾಳಾ ಅಂತ ಯಾಕೆ ಕೇಳಿದ? ಬಣ್ಣ ಯಾಕೆ ಕೇಳಿದ? ಕಪ್ಪಗಾಗುತ್ತಿದ್ದಾಳೆ ಅಂದರೆ ಖುಷಿಪಡುತ್ತಾನಲ್ಲ ಯಾಕೆ? ಬಾ ಹುಡುಗಿ, ಒಳಗೆ ಬಾ. ಆಗ ತಿಳಿಯಿತು. ನೀನು ಕೇಳಿದ್ದು ಮೊಮ್ಮಗಳನ್ನಲ್ಲ, ಬ್ರಿಸ್ಕೆಟ್ಟನ್ನು! ಲೀಡಾ ಏಳದಿರಲಿ ಅಂತ ಬಾಯಿಗೆ ಡ್ವೇನ್‌ನ ಅಂಗಿ ತುರುಕಿಕೊಂಡು ನಕ್ಕೆ. ವ್ಲಾಸ್ತಾ ಅತ್ತೆ ಒಳಗೆ ಬಂದು ನನ್ನ ಹಣೆ ಮುಟ್ಟಿ, "ನಿದ್ದೆ ಇಲ್ದೆ ಇವಳಿಗೂ ಏನೋ ಆಯ್ತು, ಇವಳನ್ನೂ ಆ ಆಡುಗಳ ಹತ್ರ ಕಳಿಸ್ಬೇಕು," ಅಂದಳು. ನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದೇನೆ. ನೀರು ಆವಿಯಾಗುವಾಗ ಮೈ ತಣ್ಣಗಾಗುತ್ತದೆ ಅಂತ ಮಕ್ಕಳಿಗೆ ಪಾಠ ಮಾಡಿದ್ದೇನೆ. ಮಾಂಸ ಬೆವರುತ್ತಿದೆ, ಬೆವರು ಆರುವವರೆಗೆ ಬಿಸಿ ಏರುವುದಿಲ್ಲ, ಅಷ್ಟೇ ವಿಷಯ. ಆ ಮೂರು ಗಂಟೆ ಅದು ನನಗೆ ಹೊಳೆಯಲಿಲ್ಲ. ನಿನ್ನ ಭಾಷೆಯಲ್ಲಿ ಮುನಿಸು ಅಂದರೆ ಅದೇ ಅಂತ ಗೊತ್ತಿದ್ದರೆ!

ಸುತ್ತಬೇಕು ಅಂತ ಗೊತ್ತಾದ ಮೇಲೆ ಅವಸರ. ಅಡುಗೆಮನೆಯ ಡ್ರಾಯರಿನಿಂದ ಬಿಳಿಯ ಕಾಗದ ಎಳೆದು ತಂದು ಇನ್ನೇನು ಸುತ್ತಬೇಕು, ಕೈ ಮೇಲೆ ಬಡಿಗೆ ಬಿತ್ತು. "ಅದು ಜಿಂಕೆ ಮಾಂಸ ಫ್ರೀಜರಿಗೆ ಕಟ್ಟೋ ಕಾಗದ ಕಣೇ! ಒಳಗಡೆ ಮೇಣ ಇದೆ ನೋಡು. ಊರಿನೋರಿಗೆಲ್ಲ ಮೇಣದಬತ್ತಿ ತಿನ್ನಿಸ್ತೀಯಾ?" ಉಗುರಿನಿಂದ ಕೆರೆದೆ, ಹೌದು, ಮೇಣ. ನಮ್ಮ ಬೇಟೆಯ ಕಾಲದಲ್ಲಿ ಪ್ರತಿ ವರ್ಷ ಕೈಯಾಡಿಸುವ ಕಾಗದ, ಆದರೂ ಕಣ್ಣಿಗೆ ಕಾಣಲಿಲ್ಲ. ಹಾಗಾದರೆ ನೀನು ಹೇಳಿದ ಮೇಲಿನ ಹಲಗೆ ಅಮ್ಮನ ಕಪಾಟಿನದ್ದಲ್ಲ, ಒಲೆಯ ಪಕ್ಕದ ಶೆಡ್ಡಿನದ್ದು. ಏಣಿ ಹಾಕಿ ಹತ್ತಿದೆ. ಮೇಣವಿಲ್ಲದ ಕಂದು ಕಾಗದದ ಸುರುಳಿ ಅಲ್ಲೇ ಇತ್ತು. ಆ ಶೆಡ್ಡಿನ ವಿಷಯ ಇನ್ನೂ ಸ್ವಲ್ಪ ಇದೆ, ಆಮೇಲೆ ಬರೆಯುತ್ತೇನೆ.

ಮಾಂಸವನ್ನು ಲೀಡಾಳನ್ನು ಸುತ್ತಿದ ಹಾಗೆಯೇ ಸುತ್ತಿದೆ, ತುದಿಗಳನ್ನು ಒಳಗೆ ಮಡಚಿ. ಇಬ್ಬರೂ ಮೂರು ಗಂಟೆ ಸದ್ದಿಲ್ಲದೆ ಇದ್ದರು. ನೂರ ಎಪ್ಪತ್ತು, ನೂರ ಎಂಬತ್ತೈದು, ಆಮೇಲೆ ನೋಟುಬುಕ್ಕಿನಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಐದೂಮುಕ್ಕಾಲಿಗೆ ಕಡ್ಡಿ ಚುಚ್ಚಿದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಹಳೆಯ ಟವೆಲುಗಳಲ್ಲಿ ಸುತ್ತಿ ಐಸಿನ ಪೆಟ್ಟಿಗೆಯಲ್ಲಿಟ್ಟು, ಐಸಿಲ್ಲದೆ, ಬಿಸಿ ಆರದ ಹಾಗೆ, ಡ್ವೇನ್ ಚರ್ಚಿನ ಹಾಲಿಗೆ ಒಯ್ದ. ನಾನು ಕೂದಲು ತೊಳೆಯಲು ಹೊತ್ತಿಲ್ಲದೆ ಹಾಗೇ ಚರ್ಚಿಗೆ ಓಡಿದೆ. ಲೀಡಾ ಅಮ್ಮನ ಶಾಲಿನಲ್ಲಿ. ಪಾದ್ರಿಗಳು ಅವಳ ತಲೆಗೆ ನೀರು ಹಾಕಲು ಬಗ್ಗಿದವರು ಒಂದು ಸಲ ಮೂಸಿ ನೋಡಿ, ನನಗೆ ಮಾತ್ರ ಕೇಳುವ ಹಾಗೆ, "ಈ ಮಗು ಆಗ್ಲೇ ಧೂಪ ಹಾಕಿಸ್ಕೊಂಡು ಬಂದ್ಹಾಗಿದೆ," ಅಂದರು. ಲೀಡಾ ಅಳಲಿಲ್ಲ. ಅವರ ಕನ್ನಡಕ ಕಿತ್ತುಕೊಳ್ಳಲು ನೋಡಿದಳು.

ಇನ್ನು ಕತ್ತರಿಸುವುದು. ಅದಕ್ಕೆ ನಾನು ಹೆದರಿದ್ದಷ್ಟು ಬೇರೆ ಯಾವುದಕ್ಕೂ ಹೆದರಿರಲಿಲ್ಲ. ಮಾಂಸ ಹೊರಗೆಲ್ಲ ಇದ್ದಿಲಿನ ಹಾಗೆ ಕಪ್ಪಗಾಗಿದೆ, ಎಳೆ ಯಾವ ದಿಕ್ಕಿಗೆ ಓಡುತ್ತದೆ ಅಂತ ಹೇಗೆ ತಿಳಿಯಬೇಕು? ಎಳೆಯ ಉದ್ದಕ್ಕೆ ಕತ್ತರಿಸಿದರೆ ಹದಿನಾಲ್ಕು ಗಂಟೆಯ ಕೆಲಸವೂ ಹಗ್ಗ ಜಗಿದ ಹಾಗಾಗುತ್ತದೆ. ಎಮಿಲ್ ಚಿಕ್ಕಪ್ಪ, "ಈ ಕಡೆಯಿಂದ," ಅಂದ. ಅವನ ಸ್ನೇಹಿತ, "ಅಲ್ಲಪ್ಪಾ, ಆ ಕಡೆಯಿಂದ," ಅಂದ. ಇಪ್ಪತ್ತೆರಡು ಜನ ತಟ್ಟೆ ಹಿಡಿದು ನೋಡುತ್ತಿದ್ದಾರೆ. ಚಾಕುವನ್ನು ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ತಿರುಗಿಸಿದೆ. ಆಗ ನನ್ನ ಕಣ್ಣಿಗೆ ತೆಳು ತುದಿಯ ಮೂಲೆ ಬಿತ್ತು. ಬೆಳಿಗ್ಗೆ ಪೆಪಿಕ್‌ಗೆ ಅಂತ ಓರೆಯಾಗಿ ಕತ್ತರಿಸಿದ ಜಾಗ. ಮೂವತ್ತು ವರ್ಷದಿಂದ ನೀನು ಕತ್ತರಿಸುತ್ತಿದ್ದುದು ನಾಯಿಯ ಪಾಲಲ್ಲ! ಹಸಿ ಇದ್ದಾಗ ಎಳೆ ಕಾಣುವಾಗಲೇ ಗುರುತು ಮಾಡಿಟ್ಟುಕೊಳ್ಳುತ್ತಿದ್ದೆ, ನಾಯಿಗೆ ಸಿಕ್ಕಿದ್ದು ಅದರ ಪುಣ್ಯ. ಯಾಕಪ್ಪಾ ಯಾವತ್ತೂ ಹೇಳಲಿಲ್ಲ? ನಾನು ಯಾವತ್ತೂ ಕೇಳಲಿಲ್ಲ, ಅದೂ ನಿಜ. ಆ ಗುರುತಿಗೆ ಸರಿಯಾಗಿ ಚಾಕು ಇಟ್ಟೆ.

ತುಂಡು ಬೆರಳ ಮೇಲೆ ಬಾಗಿ ನಿಂತಿತು, ಹರಿಯಲಿಲ್ಲ. ಕಪ್ಪು ಅಂಚಿನ ಕೆಳಗೆ ಗುಲಾಬಿ ಬಣ್ಣದ ಗೆರೆ, ನೀನು ಮಾಡಿದ್ದರಲ್ಲಿ ಇರುವ ಹಾಗೆಯೇ. ನಿಜ ಹೇಳಬೇಕೆಂದರೆ ತೆಳು ತುದಿಯ ಮೂರು ನಾಲ್ಕು ತುಂಡು ಒಣಗಿತ್ತು, ಅವನ್ನು ಚಿಕ್ಕಪ್ಪ ತಂದಿದ್ದ ಸಾಸೇಜಿನ ಕೆಳಗೆ ಮುಚ್ಚಿಟ್ಟೆ. ಎಲ್ಲರೂ ಬ್ರೆಡ್ಡು, ಈರುಳ್ಳಿ, ಉಪ್ಪಿನಕಾಯಿ ತೆಗೆದುಕೊಂಡರು. ಎಮಿಲ್ ಚಿಕ್ಕಪ್ಪ ಒಂದು ತುಂಡು ತಿಂದ, ಎರಡನೆಯದನ್ನು ತಿಂದ, ತಟ್ಟೆ ಕೆಳಗಿಟ್ಟು ಹಾಲಿನ ಬಾಗಿಲ ಕಡೆ ನೋಡಿ, "ಮಿಲ್ಟನ್ ಯಾವಾಗ ಬಂದ?" ಅಂದ. ಅಷ್ಟು ಹೇಳಿದ್ದಕ್ಕೆ ಅವನ ಹಿಂದಿನ ಮಾತುಗಳನ್ನೆಲ್ಲ ನಾನು ಮರೆತಿದ್ದೇನೆ. ವ್ಲಾಸ್ತಾ ಅತ್ತೆ ಮಾತ್ರ, "ಉಪ್ಪು ಒಂದು ಚಿಟಿಕೆ ಕಮ್ಮಿ," ಅಂತ ಹೇಳಿ ಮೂರನೆಯ ಸಲ ಬಡಿಸಿಕೊಂಡಳು.

ರಾತ್ರಿ ಲೀಡಾ ಐದು ಗಂಟೆ ಒಂದೇ ಸಮನೆ ಮಲಗಿದಳು. ನಾನೂ ಮಲಗಿದೆ. ತೊಟ್ಟಿಲೂ ಕಾಣಲಿಲ್ಲ, ಚರಂಡಿಯೂ ಕಾಣಲಿಲ್ಲ. ಎದ್ದಾಗ ದಿಂಬೆಲ್ಲ ಓಕ್ ಹೊಗೆಯ ವಾಸನೆ, ಚಿಕ್ಕಂದಿನಲ್ಲಿ ನಿನ್ನ ಅಂಗಿಯಲ್ಲಿರುತ್ತಿದ್ದ ವಾಸನೆ. ನಿನಗಾಗಿ ಒಂದು ದಪ್ಪ ತುಂಡನ್ನು ಫ್ರೀಜರಿನಲ್ಲಿಟ್ಟಿದ್ದೇನೆ, ಈ ಸಲ ಸರಿಯಾದ ಕಾಗದದಲ್ಲಿ, ಮೇಣ ಒಳಗಡೆ. ಇನ್ನು ಇಪ್ಪತ್ತೆಂಟು ದಿನ. ಆಮೇಲೆ ಕಾಯಿಸಿ ತಿನ್ನು, ಬೈಯುವುದಿದ್ದರೆ ಆಗ ಬೈಯಿ.

ಅತ್ತೆ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಬೆಚ್ಚಗಿನ ಕಾಲುಚೀಲ ಬೇಕಾ ಅಂತ ಕೇಳಿದ್ದಾಳೆ. ಡ್ವೇನ್ ತೊಟ್ಟಿಲ ಕಾಲನ್ನು ಮತ್ತೆ ಬೆಸೆದಿದ್ದಾನೆ, ನಿನ್ನಷ್ಟು ನುಣುಪಾಗಿ ಬಂದಿಲ್ಲ ಅಂತ ಅವನೇ ಒಪ್ಪಿದ್ದಾನೆ. ಪೆಪಿಕ್ ಒಲೆಯ ಪಕ್ಕವೇ ಮಲಗುತ್ತದೆ. ಲೀಡಾ ನಿನಗೆ ಕಳಿಸುವುದು ಈ ಹಾಳೆಯ ಮೂಲೆಯಲ್ಲಿರುವ ಒದ್ದೆ ಗುರುತು, ಹಿಡಿದಳು, ಬಾಯಿಗೆ ಹಾಕಿದಳು, ಕಿತ್ತುಕೊಂಡೆ. ದೇವರು ನಿನ್ನನ್ನು ಕಾಯಲಿ, ಆಡುಗಳನ್ನೂ ಕಾಯಲಿ.

ನಿನ್ನ
ಲಿಬ್ಬಿ

ತಾ.ಕ.: ಎಮಿಲ್ ಚಿಕ್ಕಪ್ಪ ನಾಳೆ ಪೇಟೆಗೆ ಹೋಗುವವನು, ಅಂಚೆಗೆ ಹಾಕುತ್ತೇನೆ ಕೊಡು ಅಂತ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಶೆಡ್ಡಿನಲ್ಲಿ ಕಾಗದದ ಸುರುಳಿ ಹಲಗೆಯ ಮುಂದೆಯೇ ಇತ್ತು, ಕೈಗೆ ಎಟಕುವ ಹಾಗೆ. ಆದರೂ ನೀನು ಹೇಳಿದ್ದೆಯಲ್ಲ ಅಂತ ಪೂರ್ತಿ ಹಿಂದಕ್ಕೆ ಕೈ ಹಾಕಿದೆ. ಬಾಟಲಿ ಸಿಕ್ಕಿತು. ಸೀಲು ಒಡೆದಿರಲಿಲ್ಲ, ವಾಪಸು ಬಂದ ದಿನಕ್ಕೆ ಅಂತ ನೀನೇ ಇಟ್ಟಿದ್ದೆ ಅಂತ ಕಾಣುತ್ತದೆ. ಯಾರಿಗೂ ಹೇಳಿಲ್ಲ. ನಿನ್ನ ಟ್ರಕ್ಕು ಮಲಗಿದ್ದ ಆ ಚರಂಡಿಗೇ ಒಯ್ದು ಸುರಿದೆ. ಬಾಟಲಿ ಅಲ್ಲಿದೆ ಅನ್ನುವುದನ್ನು ಮರೆತು ಹೇಳಿದೆಯೋ, ನೆನಪಿಟ್ಟುಕೊಂಡೇ ನನ್ನನ್ನು ಕಳಿಸಿದೆಯೋ, ನನಗೆ ಗೊತ್ತಿಲ್ಲ. ಆದರೆ "ಪೂರ್ತಿ" ಅಂತ ಎರಡು ಸಲ ಹೇಳಿದೆ, ಅಪ್ಪಾ, ಮಧ್ಯೆ ಅಷ್ಟು ಹೊತ್ತು ಸುಮ್ಮನಿದ್ದೆ. ಇದಕ್ಕೆ ಉತ್ತರ ಬರೆಯಬೇಡ. ನೀನು ಕಳಿಸಿದೆ ಅಂತ ನಾನು ತೀರ್ಮಾನ ಮಾಡಿ ಆಗಿದೆ. ಮನೆಗೆ ಬಂದ ದಿನ ಲೀಡಾಳನ್ನು ನಿನ್ನ ಕೈಗೆ ಕೊಟ್ಟು ನಾನು ಒಳಗೆ ಹೋಗಿ ಮಲಗುತ್ತೇನೆ. ಬಾಗಿಲು ತೆಗೆದು ತೆಗೆದು ನೋಡುವುದಿಲ್ಲ.